ವಸೂಲಿಯವರ ಕೋಟು

ಭಾವನ ಟೈಲರ್ ಅಂಗಡಿಯಲ್ಲಿ ಕೆಳಗೆ ಬಿದ್ದ ಗುಂಡಿಯೊಂದನ್ನು ಎತ್ತಿಕೊಡೋಣವೆಂದು ಬಗ್ಗಿದೆ. ನನ್ನ ಪ್ಯಾಂಟು ಹಿಂದಿನಿಂದ ಪರ್ರೆಂದು ಬಾಯಿಬಿಟ್ಟಿತು. ಹೊಟ್ಟೆ ಮುಂದಕ್ಕೆ ಬಂದವನು ಉಪಕಾರ ಮಾಡಲು ಹೋಗಬಾರದು. "ಬಿಚ್ಚಿ ಕೊಡೋ, ಎರಡು ನಿಮಿಷ" ಎಂದು ಭಾವ ನನ್ನನ್ನು ಪರದೆಯ ಹಿಂದಕ್ಕೆ ನೂಕಿದರು.

ಭಾವ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕತ್ತರಿ ಹಿಡಿದರೆ ನಿಸ್ಸೀಮರು. ಸಾಲ ಮಾಡಿ ಗುಂಡಿಗೆ ಕಾಜಾ ಹಾಕುವ ಮೆಷೀನು ತಂದರು. ಅದೇ ವರ್ಷ ಊರೆಲ್ಲ ರೆಡಿಮೇಡಿಗೆ ತಿರುಗಿತು. ಸಾಲ ಕೊಟ್ಟ ಕಂಪನಿಯ ವಸೂಲಿಯವರೊಬ್ಬರು ದಿನಕ್ಕೆ ಹನ್ನೊಂದು ಸಲ ಫೋನು ಮಾಡುತ್ತಿದ್ದರು, ಹನ್ನೆರಡನೆಯದಕ್ಕೆ ಖುದ್ದು ಬರುತ್ತಿದ್ದರು. ಬಂದೂ ಬಂದೂ ಸಲುಗೆ ಬೆಳೆದು, ತಮ್ಮ ಮಗಳ ಮದುವೆಗೆಂದು ಕೋಟು ಹೊಲಿಸಲು ಭಾವನಿಗೇ ಅಳತೆ ಕೊಟ್ಟರು. ಕೂಲಿಯನ್ನೂ ಮುಂಗಡವಾಗಿ ಎಣಿಸಿಕೊಟ್ಟರು.

ಕೊನೆಗೆ ಭಾವ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿ ಕೈಯೆತ್ತಿದರು. ಅರ್ಜಿಯ ಪಟ್ಟಿಯಲ್ಲಿರುವ ಯಾವ ಬಾಕಿಗೂ ಯಾರೂ ಇವರಿಗೆ ಫೋನು ಮಾಡಕೂಡದು, ಕಾಗದ ಬರೆಯಕೂಡದು, ಅಂಗಡಿಗೆ ಬರಕೂಡದು ಎಂದು ಆದೇಶವಾಯಿತು. ಫೋನು ತಣ್ಣಗಾಯಿತು. ಆದರೆ "ಕೊಡಬೇಕಾದ್ದನ್ನೆಲ್ಲ ಬರೀರಿ" ಎಂದು ವಕೀಲರು ಹೇಳಿದ್ದರಿಂದ ಭಾವ ಪಟ್ಟಿಯ ಕೊನೆಯಲ್ಲಿ "ವಸೂಲಿಯವರಿಗೆ ಒಂದು ಕೋಟು" ಎಂದೂ ಬರೆದಿದ್ದರು. ಹೀಗೆ ಆ ಮನುಷ್ಯ ತನ್ನ ಕೋಟನ್ನು ತಾನೇ ಕೇಳುವುದೂ ಕಾನೂನಿಗೆ ವಿರುದ್ಧವಾಯಿತು.

ಪರದೆಯ ಸಂದಿಯಿಂದ ನೋಡಿದೆ. ಎದುರಿನ ಬಸ್ ಸ್ಟಾಪಿನಲ್ಲಿ ಒಬ್ಬರು ನಮ್ಮತ್ತ ತಿರುಗಿ ತೋಳು ನೀವಿಕೊಳ್ಳುತ್ತಿದ್ದರು, ಎದೆಯ ಮೇಲೆ ಇಲ್ಲದ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಯಾರು ಭಾವ ಅದು, ತಲೆ ಕೆಟ್ಟಿದ್ಯಾ?"

"ವಸೂಲಿಯವರು. ನಾಳೆ ಮಗಳ ಮದುವೆ. ಎಂಟು ದಿನದಿಂದ ಹಿಂಗೇ ಬಂದು ನಿಲ್ತಾರೆ."

"ಕೋಟು ಆಗಿಲ್ವಾ?"

"ಆಗಿ ಎಂಟು ದಿನ ಆಯ್ತು. ಕೊಡೋಣ ಅಂತ ನಾನು ರಸ್ತೆ ದಾಟಿದ್ರೆ ಓಡಿಹೋಗ್ತಾರೆ."

ನನ್ನ ಪ್ಯಾಂಟು ಇನ್ನೂ ಮೆಷೀನಿನ ಮೇಲಿತ್ತು. ಯಾರೋ ಹೊಲಿಯಲು ಕೊಟ್ಟಿದ್ದ, ಗಿಳಿಗಳ ಚಿತ್ರದ ಕಿಟಕಿ ಪರದೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಕೋಟು ಹಿಡಿದು ನಾನೇ ರಸ್ತೆ ದಾಟಿದೆ. ವಸೂಲಿಯವರು ಎರಡು ಹೆಜ್ಜೆ ಹಿಂದೆ ಸರಿದರು.

"ಸ್ವಾಮಿ, ನಾನೇನೂ ಕೇಳಿಲ್ಲ. ಕೋಟು ಅಂತ ಬಾಯೇ ಬಿಟ್ಟಿಲ್ಲ. ನೀವೇ ಸಾಕ್ಷಿ!"

"ಕೇಳಿಲ್ಲ ಮಾರಾಯ್ರೆ. ತೋಳು ಹಾಕಿ."

"ಟೈಲರ್ ಹತ್ರ ಒಂದು ಮಾತಾಡಿದ್ರೂ ಕೆಲಸದಿಂದ ತೆಗೀತೀವಿ ಅಂದಿದ್ದಾರೆ ಕಂಪನಿಯವರು, ಸ್ವಾಮಿ. ನಾಳೆ ಬೀಗರ ಮುಂದೆ ಈ ಹಳೇ ಶರ್ಟಲ್ಲೇ ನಿಲ್ಲಬೇಕೇನೋ ಅಂತಿದ್ದೆ..."

ಕೋಟು ಅಚ್ಚಿನಲ್ಲಿ ಎರೆದಂತೆ ಕೂತಿತು. ಕನ್ನಡಿ ಇಲ್ಲದ್ದರಿಂದ, ಆಗಷ್ಟೇ ಬಂದು ನಿಂತ ಬಸ್ಸಿನ ಗಾಜಿನಲ್ಲಿ ಅವರು ತಮ್ಮನ್ನು ನೋಡಿಕೊಂಡು ಕಣ್ಣೊರೆಸಿಕೊಂಡರು. ಬಸ್ಸಿನೊಳಗಿದ್ದವರು ನನ್ನ ಗಿಳಿಗಳನ್ನು ನೋಡಿದರು.

ವಾಪಸು ಬಂದವನೇ ಭಾವನ ಮೇಲೆ ಹರಿಹಾಯ್ದೆ.

"ಅಲ್ಲ ಭಾವ, ಕೋಟು ರೆಡಿ ಇದೆ, ಯಾರನ್ನಾದ್ರೂ ಕಳಿಸಿ ಅಂತ ಅವರಿಗೊಂದು ಫೋನು ಮಾಡೋಕಾಗ್ಲಿಲ್ವಾ ನಿಮಗೆ?"

ಭಾವ ನನ್ನ ಪ್ಯಾಂಟಿನ ದಾರವನ್ನು ಹಲ್ಲಿನಿಂದ ಕಡಿದರು.

"ಮಾಡ್ದೆ. ದಿನಕ್ಕೆ ಹನ್ನೊಂದು ಸಲ. ಎತ್ತೋದೇ ಇಲ್ಲ."