ಒಬ್ಬಳೇ ಆರು ಜನವಾದದ್ದು

ಮನೆಯಲ್ಲಿ ಹೊಡೆತ ತಿಂದು ಓಡಿಬಂದ ಹೆಂಗಸರಿಗೆ ನೆರವಾಗುವ ಒಂದು ಸಣ್ಣ ಕೇಂದ್ರ ವಿದ್ಯಾನಗರದಲ್ಲಿತ್ತು. ಅಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಹೆಂಗಸರ ವಿವರ ಕಂಪ್ಯೂಟರಿನ ಒಂದು ಟೇಬಲ್ಲಿನಲ್ಲಿ, ಅಂದರೆ ಪಟ್ಟಿಯಲ್ಲಿ, ಅವರ ದೂರುಗಳು ಇನ್ನೊಂದರಲ್ಲಿ, ಗಾಯಗಳು ಮತ್ತೊಂದರಲ್ಲಿ. ಮೂರನ್ನೂ ಜೋಡಿಸಿ ಒಟ್ಟು ಎಷ್ಟು ಹೆಂಗಸರೆಂದು ಕಂಪ್ಯೂಟರಿನಿಂದ ಎಣಿಸಿ ತೆಗೆಯುವ ಕ್ವೆರಿ ಬರೆದುಕೊಡು ಎಂದು ಕೇಂದ್ರ ನಡೆಸುವ ಮೇಡಂ ಹೇಳಿದರು.

ಬರೆದೆ. ಬಂದ ಸಂಖ್ಯೆ ನೋಡಿ ಮೇಡಂ ಕನ್ನಡಕ ತೆಗೆದರು.

"ಎಂತ ಮಾರಾಯ್ತಿ ಇದು? ಇಷ್ಟು ಜನ ಬಂದಿದ್ರೆ ಕೂರಿಸ್ಲಿಕ್ಕೆ ಜಾಗ ಎಲ್ಲಿ ಉಂಟು ನಮ್ಮಲ್ಲಿ?"

ಮೊತ್ತ ಬಿಟ್ಟು ಸಾಲುಗಳನ್ನೇ ತೆರೆದೆ. ಕುಂಜತ್ತೂರಿನ ಒಬ್ಬಾಕೆ ಮತ್ತೆ ಮತ್ತೆ ಕಾಣಿಸಿದಳು. ಅವಳ ದೂರು ಎರಡು, ಗಾಯ ಮೂರು. ಒಂದೊಂದು ದೂರಿನ ಜೊತೆಗೂ ಮೂರು ಗಾಯಗಳು ಸೇರಿಕೊಂಡು ಒಬ್ಬಳೇ ಆರು ಜನವಾಗಿದ್ದಳು. ದೋಸೆ ಕಾವಲಿಯಿಂದ ಸುಟ್ಟ ಬೆನ್ನು. ಬಾಗಿಲ ಸಂದಿಗೆ ಒತ್ತಿ ಮುರಿದ ಬೆರಳು. ಕೂದಲು ಕಿತ್ತು ಹರಿದ ನೆತ್ತಿ. ಕೆಳಗೆ ಮತ್ತೆ ಅದೇ ಬೆನ್ನು, ಅದೇ ಬೆರಳು, ಅದೇ ನೆತ್ತಿ.

ವಕೀಲರನ್ನು ಕಾಣಲು ಅವಳಿಗೆ ಆ ಮಧ್ಯಾಹ್ನ ಬರಹೇಳಿದ್ದೆವು. ಬಂದು ಕುಳಿತಿದ್ದಳಷ್ಟೆ, ಹಿಂದೆಯೇ ಗಂಡ ಮೆಟ್ಟಿಲೇರಿ ಬಂದ. ಕೈಯಲ್ಲಿ ಹೆಲ್ಮೆಟ್ಟು.

"ಏಳು, ಮನೆಗೆ ಹೋಗುವ."

"ನಾನು ಬರುದಿಲ್ಲ."

ಹೆಲ್ಮೆಟ್ಟು ಅವಳ ದವಡೆಗೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು. ಎರಡನೆಯ ಪೆಟ್ಟಿಗೆ ರಕ್ತ ಗೋಡೆಗೆ ಹಾರಿತು. ನಾನು ಹಿಂದಿನಿಂದ ಅವನ ತೋಳಿಗೆ ಜೋತುಬಿದ್ದೆ. ಅವನು ನನ್ನ ಕೈ ತಿರುಚಿ ಮೇಜಿನ ಅಂಚಿಗೆ ಅಪ್ಪಳಿಸಿದ. ಮೂಳೆ ಮುರಿದದ್ದು ನನಗೇ ಕೇಳಿಸಿತು. ಮೇಡಂ ಕಿಟಕಿಯಿಂದ ಕೆಳಗಿನ ಚಹಾದ ಅಂಗಡಿಗೆ ಕೇಳುವಂತೆ ಕಿರುಚುತ್ತಿದ್ದರು.

ಆಗ ಅವಳು ನೆಲದಿಂದ ಎದ್ದಳು. ನೀರಿನ ಸ್ಟೀಲ್ ಜಗ್ಗು ಎತ್ತಿ ಅವನ ಹಣೆಗೆ ಬೀಸಿದಳು. ಅವನು ಕುಸಿದ. ಅವಳು ನಿಲ್ಲಿಸಲಿಲ್ಲ, ಮೂಗು, ಹಲ್ಲು, ಅಡ್ಡ ಹಿಡಿದ ಬೆರಳು ಎಂದು ನೋಡದೆ ಹೊಡೆದಳು. ಜಗ್ಗು ನಜ್ಜುಗುಜ್ಜಾಯಿತು.

"ಸಾಕು ಮಗಳೇ, ಸತ್ತುಹೋಗ್ತಾನೆ!" ಎಂದು ಮೇಡಂ ಅವಳನ್ನು ತಬ್ಬಿ ಎಳೆದರು. ಅಂಗಡಿಯವರು ಓಡಿಬಂದು, ಪೊಲೀಸರು ಬರುವವರೆಗೆ ಅವನನ್ನು ಹಿಡಿದಿಟ್ಟರು.

ಮುಂದಿನ ವಾರ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟು ಒಂದೇ ಕೈಯಲ್ಲಿ ಕ್ವೆರಿ ತಿದ್ದಿದೆ. ಒಬ್ಬೊಬ್ಬಳ ದೂರುಗಳನ್ನು ಬೇರೆ, ಗಾಯಗಳನ್ನು ಬೇರೆ ಎಣಿಸಿಕೊಂಡು, ಆಮೇಲೆ ಹೆಸರಿಗೆ ಜೋಡಿಸಿದೆ. ಗಾಯವೇ ದಾಖಲಾಗದವರೂ ಬಿಟ್ಟುಹೋಗದಂತೆ ನೋಡಿಕೊಂಡೆ. ಈಗ ಲೆಕ್ಕದಲ್ಲಿ ಅವಳು ಒಬ್ಬಳೇ ಆದಳು.

ದವಡೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅವಳು ಪಕ್ಕದಲ್ಲೇ ಕುಳಿತಿದ್ದಳು.

"ಇದನ್ನೂ ಬರೀತೀರಾ?" ದವಡೆ ಮುಟ್ಟಿ ಕೇಳಿದಳು.

"ಬರೀಬೇಕಲ್ಲ ಅಕ್ಕ."

"ನಾನು ಅವನಿಗೆ ಹೊಡೆದದ್ದು?"

"ಅದಕ್ಕೆ ಟೇಬಲ್ ಇಲ್ಲ."

ಅವಳು ನಕ್ಕಳು. ಒಡೆದ ತುಟಿಯಿಂದ ಮತ್ತೆ ರಕ್ತ ಜಿನುಗಿತು. ಸೆರಗಿನಿಂದ ಒತ್ತಿಹಿಡಿದು ಇನ್ನೂ ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ.

ಅವನೂ ಅವಳ ಮೇಲೆ ಕೇಸು ಹಾಕಿದ. ಅವಳು ತಂಗಿಯ ಮನೆಗೆ ಹೋದಳು. ಈಗ ಬೇಕರಿಯೊಂದರಲ್ಲಿ ದುಡಿಯುತ್ತಾಳೆ. ಹೊಡೆದದ್ದು ಹೌದೇ ಎಂದು ಕೋರ್ಟಿನಲ್ಲಿ ಕೇಳಿದಾಗ ವಕೀಲರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು: "ಹೊಡೆದಿದ್ದೇನೆ. ಮೇಡಂ ಬಂದು ಹಿಡಿದದ್ದಕ್ಕೆ ನಿಲ್ಲಿಸಿದೆ."