ಒಂದು ಕೈ ನಿಂತ ಕಟಿಂಗ್ ಮಾಮ

ಮೊನ್ನೆ ಗಡ್ಡ ಮಾಡಿಕೊಂಡು ಕೆನ್ನೆಗೆ ಒದ್ದೆ ಪಟಿಕ ಉಜ್ಜಿದೆ. ಚುರ್ರೆಂದಿತು. ಹೊನ್ನಾಳಿಯ ನಮ್ಮ ಕಟಿಂಗ್ ಮಾಮ ಕಣ್ಣ ಮುಂದೆ ಬಂದು ನಿಂತರು...

ಎಪ್ಪತ್ತರ ದಶಕದ ಕೊನೆ ಇರಬೇಕು. ಮಾಮನ ಎರಡೂ ಕೈ ನಡುಗಲು ಶುರುವಾಯಿತು. ಕತ್ತಿ ಹಿಡಿದ ಕೈ ನಡುಗಿದರೆ ಕತ್ತು ಕೊಡುವವರು ಯಾರು? ಗಿರಾಕಿಗಳು ಮೆಲ್ಲಗೆ ಬೇರೆ ಅಂಗಡಿ ಹಿಡಿದರು. ಮಾತ್ರೆಗೆ ನಡುಕ ಜಗ್ಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಮಿದುಳಿಗೇ ಆಪರೇಷನ್ ಆಯಿತು. ಬೋಳು ತಲೆಯಲ್ಲಿ ಬಸ್ಸಿಳಿದ ಮಾಮನನ್ನು ಕಂಡು, ತಿರುಪತಿಗೆ ಹೋಗಿದ್ದರೆಂದು ಜನ ಪ್ರಸಾದ ಕೇಳಿದರು.

ಆಪರೇಷನ್ನಿನ ಕಥೆಯನ್ನು ಮಾಮ ಹೇಳಿದ್ದೇ ಹೇಳಿದ್ದು. ಎಚ್ಚರವಿದ್ದಾಗಲೇ ತಲೆಗೆ ತೂತು ಹಾಕಿ ತೆಳು ಸೂಜಿ ಇಳಿಸಿ, ನಡುಕ ಹುಟ್ಟಿಸುವ ಚೂರನ್ನು ಸುಟ್ಟಿದ್ದರಂತೆ. ಹಿಂದಿನ ಡಾಕ್ಟರುಗಳು ಮಿದುಳಿನ ಬೇರೊಂದು ಜಾಗವನ್ನು ಸುಡುತ್ತಿದ್ದರಂತೆ. ಅದರಿಂದ ಮೈಬಿಗಿತ ಸಡಿಲವಾದರೂ ನಡುಕ ಸರಿಯಾಗಿ ನಿಲ್ಲುತ್ತಿರಲಿಲ್ಲ. ಆಮೇಲೆ ಥಲಾಮಸ್ ಎಂಬ ಪಕ್ಕದ ಜಾಗ ಹಿಡಿದರು. "ಸೂಜಿ ಅಲ್ಲಿಗೆ ಮುಟ್ಟಿದ್ದೇ ತಡ, ಬಲಗೈ ಗಪ್‌ಚಿಪ್ ಆತು ನೋಡ್ರಿ" ಎಂದು ನಗುತ್ತಿದ್ದರು. ಎಡಗೈಗೂ ಮಾಡಿಸಬಹುದಿತ್ತು, ಆದರೆ ಮಿದುಳಿನ ಎರಡೂ ಕಡೆ ಸುಟ್ಟರೆ ಮಾತು ತೊದಲುವ ಭಯವಿದೆ ಎಂದಿದ್ದರು ಡಾಕ್ಟರು. "ಮಾತಿಲ್ಲದ ಕಟಿಂಗ್ ಅಂಗ್ಡಿ ಯಾರಿಗೆ ಬೇಕ್ರಿ?" ಎಂದು ಎದ್ದು ಬಂದಿದ್ದರು ಪುಣ್ಯಾತ್ಮ.

ಆದರೂ ಗಿರಾಕಿಗಳು ಮರಳಲಿಲ್ಲ. ಅಷ್ಟರಲ್ಲಿ ನನ್ನ ಮದುವೆ ಬಂತು. ನಮ್ಮ ಮನೆಯಲ್ಲಿ ಮದುಮಗನ ಎಣ್ಣೆನೀರಿಗೆ ಮೊದಲು, ಚಪ್ಪರದಡಿ, ವಾಡಿಕೆಯ ಕ್ಷೌರದವರೇ ಅವನ ಗಡ್ಡ ತೆಗೆಯಬೇಕು. ಎಲ್ಲರೂ ಹಿಂದೆ ಮುಂದೆ ನೋಡಿದರು. ಅಜ್ಜಿ ಮಾತ್ರ ಜಗ್ಗಲಿಲ್ಲ. "ಇವ್ನಪ್ಪನ ಮದುವ್ಯಾಗೂ ಅವನೇ ತೆಗ್ದಿದ್ದು. ಬ್ಯಾರೆಯೋರ್ನ ಕರ್ಸಾಕೆ ಹೋಗಬ್ಯಾಡ್ರಿ."

ಚಪ್ಪರದಲ್ಲಿ ಬಳಗವೆಲ್ಲ ಉಸಿರು ಬಿಗಿಹಿಡಿದಿತ್ತು. ಬಲಗೈಯ ಕತ್ತಿ ಕಲ್ಲಿನಂತೆ ಸ್ಥಿರ. ಆದರೆ ನನ್ನ ಕೆನ್ನೆ ಎಳೆದು ಹಿಡಿದ ಎಡಗೈ ಗಡಗಡ, ಅದರ ಜೊತೆ ನನ್ನ ಮುಖವೂ ಗಡಗಡ. ನಿಜ ಹೇಳುತ್ತೇನೆ, ಹೆದರಿದೆ. ಮಾಮ ಎಡಗೈ ತೆಗೆದು, "ನಿಮ್ಮ ಕೆನ್ನೆ ನೀವೇ ಎಳ್ಕಳ್ರಿ" ಎಂದರು. ಎಳೆದುಕೊಂಡೆ. ಒಂದು ಗೀರೂ ಬೀಳಲಿಲ್ಲ. ಮಾಮ ಕತ್ತಿ ಒರೆಸುತ್ತ ಕಣ್ಣೂ ಒರೆಸಿಕೊಂಡರು. ಆಮೇಲೆ ನೋಡಬೇಕಿತ್ತು, ಅವರ ಅಂಗಡಿಯಲ್ಲಿ ಊರ ಗಂಡಸರೆಲ್ಲ ತಮ್ಮ ಕೆನ್ನೆ ತಾವೇ ಎಳೆದುಕೊಂಡು ಕೂತಿರುತ್ತಿದ್ದರು...

ಮಾಮ ತೀರಿಕೊಂಡು ಬಹಳ ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಈಗಿನ ಡಾಕ್ಟರುಗಳು ಸುಡುವುದು ಕಡಿಮೆಯಂತೆ. ಥಲಾಮಸ್‌ಗೋ, ಅದರ ಕೆಳಗಿನ ಇನ್ನೂ ಪುಟ್ಟ ಜಾಗಕ್ಕೋ ತಂತಿ ಇಳಿಸಿ, ಎದೆಯಲ್ಲಿ ಬ್ಯಾಟರಿ ಕೂರಿಸುತ್ತಾರಂತೆ. ಎರಡೂ ಕಡೆ ಮಾಡಿದರೂ ಮಾತಿಗೆ ಅಷ್ಟು ಭಯವಿಲ್ಲವಂತೆ. ಎರಡೂ ಕೈ ನಿಂತು, ಬಾಯಿ ಮಾತ್ರ ನಿಲ್ಲದ ಮಾಮನನ್ನು ಒಮ್ಮೆ ನೋಡಬೇಕಿತ್ತು.