ಒಳಗೆ ಬಿಟ್ಟ ಬಟ್ಟೆ

ನನ್ನ ಹೆಂಡತಿ ದರ್ಜಿ. ನಾನು ಅವಳ ಅಂಗಡಿಯಲ್ಲಿ ಗುಂಡಿ ಹಾಕುವವನು, ಇಸ್ತ್ರಿ ಮಾಡುವವನು, ಬಟ್ಟೆ ತಡವಾದರೆ ಗಿರಾಕಿಗಳಿಂದ ಬೈಸಿಕೊಳ್ಳುವವನು. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದೆ. ಕೆಲಸ ಬಿಟ್ಟ ಮಾರನೆಯ ದಿನವೇ ಅವಳು ನನ್ನ ಕೈಗೆ ಸೂಜಿ ಕೊಟ್ಟು, "ಸುಮ್ನೆ ಕೂತು ನನ್ನ ತಲೆ ತಿನ್ನೋ ಬದಲು ಗುಂಡಿ ಹಾಕಿ" ಅಂದಳು. ಇಡೀ ಬೀದಿ ಅವಳನ್ನು ಟೇಲರಮ್ಮ ಎಂದು ಕರೆಯುತ್ತದೆ, ನನ್ನನ್ನು ಟೇಲರಮ್ಮನ ಯಜಮಾನರು ಎಂದು. ಈ ಯಜಮಾನಿಕೆಯ ಉದ್ದಗಲ ನನಗೊಬ್ಬನಿಗೇ ಗೊತ್ತು.

ಕೆಳಗೆ ಅಂಗಡಿ, ಮೇಲೆ ಮನೆ. ಎರಡೂ ಕಡೆ ರೆಡಿಮೇಡ್ ಎನ್ನುವುದು ಬೈಗುಳ. ನಮ್ಮ ಮನೆಯಲ್ಲಿ ಅಂಗಿ, ಲಂಗ, ದಿಂಬಿನ ಚೀಲ, ಕೊನೆಗೆ ನನ್ನ ಕನ್ನಡಕದ ಚೀಲ ಕೂಡ ಅಳತೆ ತೆಗೆದೇ ಹೊಲಿದದ್ದು. "ಒಬ್ಬರ ಅಳತೆ ಇನ್ನೊಬ್ಬರಿಗೆ ಆಗಲ್ಲ" ಎಂಬುದು ಅವಳ ಮಂತ್ರ. ಮೊಮ್ಮಗಳ ಊಟದ ವಿಷಯದಲ್ಲಿ ನಾವು ಹಳ್ಳಕ್ಕೆ ಬಿದ್ದದ್ದೂ ಈ ಮಂತ್ರದಿಂದಲೇ.

ಮೊಮ್ಮಗಳನ್ನು ಮನೆಯಲ್ಲಿ ಜಡ್ಜಮ್ಮ ಎನ್ನುತ್ತೇವೆ. ನಾಲ್ಕು ವರ್ಷದ ಪೋರಿ. ತಟ್ಟೆ ಮುಂದೆ ಬಂದರೆ ಮೊದಲು ಬಗ್ಗಿ ನೋಡುತ್ತಾಳೆ, ಆಮೇಲೆ ಬೆರಳಿನಿಂದ ಸರಿಸುತ್ತಾಳೆ, ಆಮೇಲೆ ತೀರ್ಪು. "ಇದ್ರಲ್ಲಿ ಹಸಿರು ಇದೆ." ಮುಗಿಯಿತು, ಮೇಲ್ಮನವಿ ಇಲ್ಲ. ಬೀನ್ಸು ಬೇಡ ಅಂದಳು, ಅವಳಿಗೆಂದು ಬೀನ್ಸು ಇಲ್ಲದ ಪುಟ್ಟ ಪಾತ್ರೆ ಬೇರೆ ಇಟ್ಟೆವು. ಕ್ಯಾರೆಟ್ ಬೇಡ ಅಂದಳು, ಅದನ್ನೂ ತೆಗೆದೆವು. ಬೇಳೆ ಹಳದಿ ಅಂದಳು, ಬೇಳೆಯೂ ಹೋಯಿತು. ಅವಳ ಬಾಯಿಯ ಅಳತೆಗೆ ಸರಿಯಾಗಿ ಕತ್ತರಿಸುತ್ತ ಕತ್ತರಿಸುತ್ತ ಕೊನೆಗೆ ಉಳಿದದ್ದು ಬಿಳಿ ಅನ್ನ ಮತ್ತು ಬೇಯಿಸಿದ ಆಲೂಗಡ್ಡೆ. ಆಲೂಗಡ್ಡೆಗೆ ಮಚ್ಚೆ ಇರಕೂಡದು.

ಅದನ್ನು ತಿನ್ನಿಸುವುದೂ ಸುಲಭವಲ್ಲ. ಸೊಸೆ ಅವಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ ಒಂದೊಂದೇ ತುತ್ತು ಇಡಬೇಕು. ನನ್ನ ಮಗ ಲಿಫ್ಟ್ ರಿಪೇರಿಯವನು. ಅವನು ಚಮಚವನ್ನು ಲಿಫ್ಟ್ ಮಾಡಿ ಮೇಲೆ ಕೆಳಗೆ ಓಡಿಸಬೇಕು. ನಾನು ಕತ್ತೆಯ ಹಾಗೆ ಕೂಗಬೇಕು. ಹೊಗಳಿಕೊಳ್ಳಬಾರದು, ಆದರೆ ನನ್ನ ಕತ್ತೆ ಬಹಳ ಚೆನ್ನಾಗಿತ್ತು. ಕೂಗಿದಾಗ ಅವಳು ನಗುವಳು, ನಕ್ಕಾಗ ಬಾಯಿ ತೆರೆಯುವುದು, ತೆರೆದ ತಕ್ಷಣ ತುತ್ತು ಒಳಗೆ. ಮೂಡ್ ಇಲ್ಲದ ದಿನ ಜಪ್ಪಯ್ಯ ಅಂದರೂ ಬಾಯಿ ಬಿಡಳು. ನಾವೆಲ್ಲ ಉಂಡು ಎದ್ದು ಮೇಜು ಒರೆಸಿದ ಮೇಲೂ ಸೊಸೆ ಕಿಟಕಿಯ ಹತ್ತಿರವೇ ಇರುತ್ತಿದ್ದಳು.

ಹೀಗಿರುವಾಗ ಸೊಸೆಗೆ ಆಸ್ಪತ್ರೆಯಿಂದ ಫೋನು ಬಂತು. ಅವಳು ನರ್ಸು. ಮಗು ಹುಟ್ಟಿದಾಗ ಬಿಟ್ಟ ಕೆಲಸ. ಅದನ್ನು ಮತ್ತೆ ಕೊಡಿ ಎಂದು ಕೇಳಿ ಕೇಳಿ ಸುಸ್ತಾಗಿದ್ದಳು. ಬರುವ ತಿಂಗಳ ಮೊದಲ ಸೋಮವಾರ ಬಂದು ಸೇರು ಅಂದರು, ಸಂಜೆ ಪಾಳಿ. ಮೆಟ್ಟಿಲು ಇಳಿದು ಅಂಗಡಿಗೆ ಓಡಿಬಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹೇಳಿ ಮುಗಿಸುವಷ್ಟರಲ್ಲಿ ಆ ಮುಖ ಬಾಡಿಯೂ ಹೋಯಿತು.

"ಸಂಜೆ ಪಾಳಿ ಅಂದ್ರೆ ಇವಳ ಊಟದ ಹೊತ್ತಿಗೆ ನಾನಿರಲ್ಲ ಅತ್ತೆ. ನಾನಿಲ್ದೆ ಇವಳು ಒಂದು ಅಗುಳೂ ಮುಟ್ಟಲ್ಲ. ಆಗಲ್ಲ ಅಂತ ಹೇಳಿಬಿಡ್ತೀನಿ."

"ಹೇಳು, ಹೇಳು. ಮೊದ್ಲು ಆ ಹಳೇ ಯೂನಿಫಾರ್ಮ್ ಹಾಕ್ಕೊಂಡು ಬಾ. ಟ್ರಯಲ್ ನೋಡದೆ ನಾನು ಯಾರನ್ನೂ ವಾಪಸ್ ಕಳಿಸಲ್ಲ" ಅಂದಳು ನನ್ನವಳು.

ಸೊಸೆ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು. ಆ ಯೂನಿಫಾರ್ಮನ್ನು ಹೊಲಿದವಳೂ ನನ್ನ ಹೆಂಡತಿಯೇ, ಮೈಗೆ ಹಿಡಿದು ಕೂರುವ ಹಾಗೆ. ಈಗ ಅದು ಗೂಟಕ್ಕೆ ನೇತು ಹಾಕಿದ ಹಾಗೆ ಜೋಲುತ್ತಿತ್ತು. ಟೇಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಬದಿಯಲ್ಲಿ ಬಟ್ಟೆ ಹಿಡಿದು ಸೂಜಿ ಚುಚ್ಚಿದಳು. ಇನ್ನೊಂದು ಬದಿಯಲ್ಲೂ ಹಿಡಿದಳು. ಬೆನ್ನಿನಲ್ಲೂ ಹಿಡಿಯಬೇಕಾಯಿತು. ಬಾಯಲ್ಲಿದ್ದ ಸೂಜಿಯೆಲ್ಲ ಖಾಲಿಯಾಯಿತು.

"ಇದೇನೇ ಇದು? ನೀನು ರಾತ್ರಿ ಏನು ತಿಂತೀಯ?" ಎಂದು ಕೊನೆಗೆ ಕೇಳಿದಳು.

"ಇವಳು ಬಿಟ್ಟಿದ್ದು ಇರುತ್ತಲ್ಲ ಅತ್ತೆ. ಆ ಹೊತ್ತಿಗೆ ಹಸಿವೂ ಸತ್ತುಹೋಗಿರುತ್ತೆ."

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ಊರವರ ಸೊಂಟ ಎಷ್ಟು ಇಳಿಯಿತು, ಎಷ್ಟು ಏರಿತು ಎಂದು ಕಣ್ಣಳತೆಯಲ್ಲೇ ಹೇಳುವವಳ ಮನೆಯಲ್ಲಿ, ಮೇಜಿನಿಂದ ನಾಲ್ಕು ಹೆಜ್ಜೆ ಆಚೆ ಕಿಟಕಿಯ ಹತ್ತಿರ, ಸೊಸೆ ತಣ್ಣಗಿನ ಆಲೂಗಡ್ಡೆ ತಿಂದುಕೊಂಡು ಕರಗುತ್ತಿದ್ದಳು. ನನಗೆ ಬಹಳ ಬೇಜಾರಾಯಿತು. ನನ್ನವಳಿಗೆ ಬಂದದ್ದು ಕೋಪ. ಮೇಲೆ ಹೋಗಿ ಜಡ್ಜಮ್ಮನ ಫ್ರಾಕು ತಂದು ಮೇಜಿನ ಮೇಲೆ ಹರಡಿ ಅಂಚನ್ನು ತಿರುಗಿಸಿ ತೋರಿಸಿದಳು.

"ನೋಡಿಲ್ಲಿ. ಮಕ್ಕಳ ಬಟ್ಟೆ ಹೊಲಿಯೋವಾಗ ಬೆಳೆಯೋಕೆ ಅಂತ ಒಳಗೆ ಬಟ್ಟೆ ಬಿಡ್ತೀನಿ. ಇದೊಂದೇ ಫ್ರಾಕಿಗೆ ಎರಡು ಸಲ ಮಡಿಕೆ ಬಿಚ್ಚಿದೀನಿ. ಬೆಳೀತಾ ಇದಾಳೆ ನಿನ್ನ ಮಗಳು, ಗುಂಡುಕಲ್ಲಿನ ಹಾಗಿದಾಳೆ! ಸವೆದು ಹೋಗ್ತಾ ಇರೋದು ನೀನು."

"ಆದ್ರೂ ಅತ್ತೆ, ತರಕಾರಿ ಒಂದೂ ತಿನ್ನಲ್ವಲ್ಲ..."

"ಹೆಂಗೆ ತಿಂತಾಳೆ? ಬಟ್ಟೆಗೆ ಬೆಳೆಯೋಕೆ ಜಾಗ ಬಿಟ್ಟೆ. ಊಟಾನ ಮಾತ್ರ ಅವಳ ಮೈಗೆ ಅಂಟಿಸಿ ಹೊಲಿದುಬಿಟ್ವಿ. ತಪ್ಪು ಅಳತೆಯದು, ಮಗುದಲ್ಲ. ಇವತ್ತಿಂದ ಪುಟ್ಟ ಪಾತ್ರೆ ಅಟ್ಟಕ್ಕೆ."

ಅಂದು ಸಂಜೆ ಅವಳು ಹೊಸ ಕಾನೂನು ಹೊರಡಿಸಿದಳು. ಎಲ್ಲರೂ ಒಂದೇ ಮೇಜಿಗೆ. ಮೇಜಿನ ಮೇಲೆ ಅನ್ನ ಇರುತ್ತದೆ, ಜೊತೆಗೆ ಮನೆಯವರು ತಿನ್ನುವುದೆಲ್ಲ ಇರುತ್ತದೆ. ಜಡ್ಜಮ್ಮ ಬೇಕಾದ್ದನ್ನು ಬೇಕಾದಷ್ಟು ತಾನೇ ಬಡಿಸಿಕೊಳ್ಳಲಿ. ತಿನ್ನು ಎಂದು ಯಾರೂ ಅನ್ನಕೂಡದು. ಸೊಸೆ ಮೊದಲು ಬಿಸಿಬಿಸಿಯಾಗಿ ಉಣ್ಣಬೇಕು. ಮತ್ತೆ ಯಾರೂ ಮಗುವಿನ ಬಾಯಿ ನೋಡಕೂಡದು.

"ನೋಡಿದ್ರೆ ಏನಾಗುತ್ತಮ್ಮ?" ಎಂದ ಮಗ.

"ಟೇಪು ಹಿಡ್ಕೊಂಡು ಸೊಂಟಾನೇ ನೋಡ್ತಾ ನಿಂತ್ರೆ ಗಿರಾಕಿ ಉಸಿರು ಬಿಗಿ ಹಿಡೀತಾನೆ. ಅವನ ಜೊತೆ ಬೇರೆ ಏನೋ ಮಾತಾಡ್ಬೇಕು. ಆಗ ಹೊಟ್ಟೆ ಸಡಿಲ ಬಿಡ್ತಾನೆ, ಸರಿಯಾದ ಅಳತೆ ಸಿಗುತ್ತೆ. ನಾವು ಇಷ್ಟು ಜನ ಅವಳ ಬಾಯಿ ನೋಡ್ತಾ ಕೂತಿದ್ರೆ ಅವಳೆಲ್ಲಿ ಬಾಯಿ ಬಿಡ್ತಾಳೆ?"

ಮೊದಲ ದಿನ ನ್ಯಾಯಾಲಯ ಸೇರಿತು. ಜಡ್ಜಮ್ಮ ಮೇಜನ್ನೆಲ್ಲ ಕಣ್ಣಾಡಿಸಿ ಪುಟ್ಟ ಪಾತ್ರೆ ಎಲ್ಲಿ ಅಂದಳು. ಅಜ್ಜಿ ನೆರೆಯ ಚಮ್ಮಾರನ ನಾಯಿ ಮರಿ ಹಾಕಿದ ಕಥೆ ಶುರು ಮಾಡಿದಳು. ಲಿಫ್ಟ್ ಬರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ತಾತ, ಕತ್ತೆ?"

"ಕತ್ತೆ ಊಟ ಮಾಡ್ತಾ ಇದೆ ಕಂದ" ಅಂದೆ. ನನಗೆ ಕೂಗಬೇಕೆಂದು ಗಂಟಲು ತುರಿಸುತ್ತಿತ್ತು.

ಸ್ವಲ್ಪ ಕಾದು, ಕತ್ತೆಯ ಕೂಗನ್ನು ತಾನೇ ಕೂಗಿಕೊಂಡಳು. ಯಾರೂ ತುತ್ತು ಇಡಲಿಲ್ಲ. ಎರಡು ಚಮಚ ಅನ್ನ ಬಡಿಸಿಕೊಂಡು, ಅರ್ಧ ತಿಂದು, ಕುರ್ಚಿಯಿಂದ ಇಳಿದು ಹೋದಳು. ಸೊಸೆ ತಟ್ಟೆ ಬಿಟ್ಟು ಏಳಹೋದಳು. ನನ್ನವಳು ಮೇಜಿನ ಕೆಳಗೆ ಅವಳ ಕೈ ಹಿಡಿದು, "ಕೂತ್ಕೋ. ಬೆಳಿಗ್ಗೆ ಹಸಿವಾದ್ರೆ ತಿಂತಾಳೆ. ನಿನ್ನ ತಟ್ಟೆ ಖಾಲಿ ಮಾಡು" ಅಂದಳು. ಸೊಸೆ ಅತ್ತುಕೊಂಡೇ ಉಂಡಳು. ಬೆಳಿಗ್ಗೆ ಜಡ್ಜಮ್ಮ ಬ್ರೆಡ್ಡಿನ ಮೇಲೆ ಬ್ರೆಡ್ಡು ಕೇಳಿದಳು, ಮೇಲೆ ಒಂದು ಲೋಟ ಹಾಲು.

ಆ ವಾರವೆಲ್ಲ ಅನ್ನ ಬಿಟ್ಟರೆ ಬೇರೇನೂ ಇಲ್ಲ. ಮಗ ಸೋಲೊಪ್ಪಿ ಪುಟ್ಟ ಪಾತ್ರೆ ಇಳಿಸೋಣ ಎಂದ. ತಾಯಿ ಅವನನ್ನು ನೋಡಿದ ನೋಟಕ್ಕೆ ಹೆದರಿ ತನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಕೊಂಡ. ನನಗೂ ಒಳಗೊಳಗೇ ಅಳುಕು. ಸೋಮವಾರ ಹತ್ತಿರವಾಗುತ್ತಿತ್ತು, ಸೊಸೆ ಫೋನು ಕೈಗೆತ್ತಿಕೊಂಡು ಮತ್ತೆ ಇಡುತ್ತಿದ್ದಳು. ನನ್ನ ಹೆಂಡತಿಗೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಯೂನಿಫಾರ್ಮಿನ ಬದಿ ಹಿಡಿದು ಚಿಕ್ಕದು ಮಾಡುತ್ತ ಕೂತಿದ್ದಳು. ಮಿಕ್ಕ ಬಟ್ಟೆ ಕತ್ತರಿಸಲು ನಾನು ಕತ್ತರಿ ಕೊಟ್ಟರೆ ಪಕ್ಕಕ್ಕೆ ಸರಿಸಿದಳು.

"ಕತ್ತರಿಸಲ್ಲ. ಮಡಚಿ ಹೊಲಿದಿದೀನಿ. ಬಿಚ್ಚೋ ದಿನ ಬರುತ್ತೆ."

ಕೊನೆಗೆ ಭಾನುವಾರದ ಊಟ. ಸೊಸೆ ಹೊಟ್ಟೆ ಹಸಿದವಳ ಹಾಗೆ ಉಣ್ಣುವುದನ್ನು ಈಗೀಗ ಕಲಿತಿದ್ದಳು. ಕುಂಬಳಕಾಯಿಯನ್ನು ಅನ್ನಕ್ಕೆ ಕಲಸಿ ಚಪ್ಪರಿಸುತ್ತಿದ್ದಳು. ಅಮ್ಮ ಉಣ್ಣುವುದನ್ನು ಜಡ್ಜಮ್ಮ ಆ ವಾರಕ್ಕೆ ಮೊದಲು ಕಂಡಿದ್ದೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಪಕ್ಕದ ಕುರ್ಚಿಯಿಂದ ಒಂದು ಪುಟ್ಟ ಕೈ ನಿಧಾನವಾಗಿ ಅಮ್ಮನ ತಟ್ಟೆಗೆ ಬಂತು. ಒಂದು ಹೋಳು ಎತ್ತಿತು. ನಾವೆಲ್ಲ ಗೋಡೆ, ಗಡಿಯಾರ, ಉಪ್ಪಿನ ಡಬ್ಬಿ ನೋಡುತ್ತ ಕೂತೆವು. ಅವಳು ನೆಕ್ಕಿದಳು, ಮುಖ ಕಿವುಚಿದಳು, ಹೋಳನ್ನು ತಿರುಗಿ ಅಮ್ಮನ ತಟ್ಟೆಗೇ ಹಾಕಿದಳು.

"ನಂಗೆ ಬೇಡ" ಅಂದಳು.

"ಆಯ್ತು" ಅಂದಳು ಸೊಸೆ, ಮತ್ತು ಆ ಹೋಳನ್ನು ತಾನೇ ತಿಂದಳು.

"ಟ್ರಯಲ್ ಆಯ್ತು" ಎಂದು ನನ್ನವಳು ಗೋಡೆಗೆ ಹೇಳಿದಳು. ಗೆದ್ದವರ ದನಿ.

ಮಾರನೆಯ ದಿನ ಸಂಜೆ ಸೊಸೆ ಯೂನಿಫಾರ್ಮು ಹಾಕಿಕೊಂಡು, ಊಟದ ಡಬ್ಬಿ ಹಿಡಿದು, ಮೂರು ಸಲ ಹಿಂತಿರುಗಿ ನೋಡಿ ಹೋದಳು. ಊಟದ ಹೊತ್ತಿಗೆ ಜಡ್ಜಮ್ಮ ಕಿಟಕಿಯ ಕಟ್ಟೆ ಹತ್ತಿ ಕೂತಳು. ನಾವು ಕರೆಯಲಿಲ್ಲ. ಉಣ್ಣುತ್ತ, ನಾಯಿಮರಿಗಳ ಕಥೆ ಮುಂದುವರಿಸಿದೆವು. ಕಪ್ಪು ಮರಿ ಚಪ್ಪಲಿ ಕದ್ದ ಜಾಗಕ್ಕೆ ಬಂದಾಗ ಅವಳು ಇಳಿದು ಬಂದು ಕುರ್ಚಿ ಏರಿದಳು.

"ಅಮ್ಮ ಈಗ ಉಣ್ತಿದಾಳಾ?"

"ಹೂಂ, ಡಬ್ಬಿ ತಗೊಂಡು ಹೋಗಿದಾಳಲ್ಲ. ಅದ್ರಲ್ಲೂ ಕುಂಬಳಕಾಯಿ ಇದೆ" ಅಂದಳು ಅಜ್ಜಿ.

ಜಡ್ಜಮ್ಮ ವಿಚಾರಣೆಗೆ ಕೂತಳು. ಆಮೇಲೆ ಅನ್ನ ಬಡಿಸಿಕೊಂಡಳು. ಅನ್ನದ ಒಂದು ಮೂಲೆಗೆ, ಅನ್ನಕ್ಕೆ ತಾಗದ ಹಾಗೆ, ಒಂದೇ ಒಂದು ಹೋಳು ಕುಂಬಳಕಾಯಿ ಇಟ್ಟುಕೊಂಡಳು. ಅದನ್ನು ತಿಂದಳು. ಅನ್ನವನ್ನೂ ತಿಂದಳು, ಇನ್ನೊಂದು ಚಮಚ ಹಾಕಿಕೊಂಡಳು. ಮಗ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಕಣ್ಣು ಒದ್ದೆಯಾಗಿದ್ದು ಅವನು ಬಲವಾಗಿ ತುಳಿದದ್ದರಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ.

ಈಗಲೂ ಅವಳು ಜಡ್ಜಮ್ಮನೇ. ಬೀನ್ಸಿಗೆ ಇನ್ನೂ ಜಾಮೀನು ಸಿಕ್ಕಿಲ್ಲ. ಬೇಳೆಗೆ ಸಿಕ್ಕಿದೆ. ಕ್ಯಾರೆಟ್ಟಿನ ಮೇಲೆ ದಿನಕ್ಕೊಂದು ತೀರ್ಪು. ನಮಗ್ಯಾರಿಗೂ ಅದರ ಚಿಂತೆಯಿಲ್ಲ; ಮೇಜಿನ ಮೇಲೆ ಇಡುತ್ತೇವೆ, ನಮ್ಮ ಪಾಡಿಗೆ ನಾವು ಉಣ್ಣುತ್ತೇವೆ.

ಮೊನ್ನೆ ಸಂಜೆ ಸೊಸೆ ಪಾಳಿಗೆ ಹೊರಡುವ ಮುನ್ನ ಅಂಗಡಿಯೊಳಗೆ ಬಂದು ಸಂಕೋಚದಿಂದ ನಿಂತಳು.

"ಅತ್ತೆ, ಈ ಯೂನಿಫಾರ್ಮ್ ಯಾಕೋ ಬಿಗಿ ಆಗ್ತಾ ಇದೆ. ಕೈ ಎತ್ತೋಕೂ ಆಗ್ತಿಲ್ಲ."

ಮದುವೆಯ ಬಟ್ಟೆ ಹೊಲಿಸಿಕೊಂಡವರು ಹೊಗಳಿದಾಗಲೂ ನನ್ನ ಹೆಂಡತಿಯ ಮುಖ ಹಾಗೆ ಅರಳಿದ್ದನ್ನು ನಾನು ನೋಡಿಲ್ಲ. ಮಿಷನ್ನಿನ ಮೇಲಿದ್ದ ಗಿರಾಕಿಯ ಅಂಗಿಯನ್ನು ಹಾಗೇ ಎಳೆದು ಪಕ್ಕಕ್ಕೆಸೆದು, ಸೊಸೆಯನ್ನು ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿಕೊಂಡು ಬದಿಯ ಮಡಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. "ರೀ, ಇಸ್ತ್ರಿ ಕಾಯಿಸಿ" ಎಂದು ನನಗೆ ಕೂಗಿದಳು. ಬಟ್ಟೆ ಮಡಚಿದ್ದ ಕಡೆ ಗೆರೆ ಉಳಿದಿತ್ತು. ನಾನು ನೀರು ಚಿಮುಕಿಸಿ ಚೆನ್ನಾಗಿ ಒತ್ತಿದೆ.